ಕಾಲುವೆ ದಂಡೆಯ ದಾರಿ ಬಿಡಬೇಡಿ

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೊರಡುವ ಎಲ್ಲ ಊರುಗಳ ಕಂಬಿ ಮಂಡಳಿಯವರಿಗೆ, ಹಿರಿಯರಿಗೆ, ಸೇವೆಗೆ ನಿಲ್ಲುವ ಹುಡುಗರಿಗೆ, ಅಕ್ಕ-ತಂಗಿಯರಿಗೆ ಈ ಪತ್ರ.

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ನಮ್ಮ ಕಡೆಯ ಹಳ್ಳಿಗಳಿಂದ, ಹೆಗಲ ಮೇಲೆ ಹೊತ್ತು ನಡೆಯುವ ಮಲ್ಲಯ್ಯನ ಕಂಬಿಗಳು ಹೊರಬೀಳುತ್ತವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗ, ಕೊಪ್ಪಳ, ಎಲ್ಲ ಕಡೆಯಿಂದ ಹೊರಟ ಜನ ರಾಯಚೂರಿನ ಹೊತ್ತಿಗೆ ಒಂದೇ ಹೊಳೆಯಾಗಿ ಕೂಡುತ್ತಾರೆ. ಅದಕ್ಕೂ ಮೊದಲೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ಯಾವ ದಾರಿ, ಎಲ್ಲಿ ವಸ್ತಿ, ಯಾರ ಗಾಡಿ ಎಂಬುದೆಲ್ಲ ತೀರ್ಮಾನವಾಗುವುದು ಗುಡಿಕಟ್ಟೆಯ ಮೇಲಿನ ಸಭೆಯಲ್ಲಿ. ಒಮ್ಮೆ ಕಂಬಿ ಹೆಗಲೇರಿದ ಮೇಲೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ನನ್ನದು ಒಂದೇ ಬೇಡಿಕೆ. ರಾಯಚೂರು ದಾಟಿ ಕರ್ನೂಲು ಮುಟ್ಟುವುದರೊಳಗೆ ಒಂದು ದಿನವನ್ನಾದರೂ ಡಾಂಬರು ರಸ್ತೆ ಬಿಟ್ಟು, ಸ್ಪೀಕರಿನ ಗಾಡಿ ಬಿಟ್ಟು, ಹೊಲದ ದಾರಿಯಲ್ಲಿ ನಡೆಯಿರಿ.

ಇದನ್ನು ಬೇಡಿಕೊಳ್ಳುವ ಹೊತ್ತು ಬಂದದ್ದು ಏಕೆಂದರೆ, ಈಚಿನ ವರ್ಷಗಳಲ್ಲಿ ದಾರಿಯನ್ನು ಗೊತ್ತುಮಾಡುವವನು ಕಂಬಿ ಹೊರುವವನಲ್ಲ, ಟೆಂಪೋ ಡ್ರೈವರ್. ಗಾಡಿ ಎಲ್ಲಿ ಸಲೀಸಾಗಿ ಓಡುತ್ತದೋ ಅಲ್ಲೇ ನಮ್ಮ ಕಾಲೂ ಓಡಬೇಕು. ಗಾಡಿಯ ಮೇಲೆ ಆಳೆತ್ತರದ ಪೆಟ್ಟಿಗೆಗಳು, ಅದರೊಳಗಿಂದ ಎದೆಗೆ ಗುದ್ದುವ ಸದ್ದು. ಭಜನೆ ಬೇಡವೆಂದು ನಾನು ಹೇಳುತ್ತಿಲ್ಲ. ರಾತ್ರಿ ವಸ್ತಿಯಲ್ಲಿ ತಾಳ, ದಮ್ಮಡಿ ಹಿಡಿದು ಕುಳಿತರೆ ಊದಿಕೊಂಡ ಕಾಲಿನ ನೋವು ಅರ್ಧ ಮರೆಯುತ್ತದೆ, ಅದು ನನಗೂ ಗೊತ್ತು. ನಾನು ಹೇಳುತ್ತಿರುವುದು ನಸುಕಿನಿಂದ ನಡುರಾತ್ರಿಯವರೆಗೆ ಬಿಡದೆ ಬಡಿಯುವ ಡಿಜೆಯ ವಿಷಯ.

ಶ್ರೀಶೈಲದ ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯ. ನಾವೆಲ್ಲ ತವರಿನವರು. ಅದಕ್ಕೇ ತಾನೇ ಗಂಟಿನಲ್ಲಿ ಸೀರೆ, ಕುಪ್ಪಸ, ಬಳೆ, ಅರಿಶಿನ-ಕುಂಕುಮ ಕಟ್ಟಿಕೊಂಡು ಯುಗಾದಿ ಹಬ್ಬಕ್ಕೆ ಸರಿಯಾಗಿ ಹೋಗಿ ತಲುಪುವುದು? ಆ ದಿನಗಳಲ್ಲಿ ಶ್ರೀಶೈಲದ ಬೀದಿಯಲ್ಲಿ ತೆಲುಗಿಗಿಂತ ನಮ್ಮ ಮಾತೇ ಹೆಚ್ಚು ಕೇಳಿಸುತ್ತದೆ. ಆದರೆ ಮಗಳ ಮನೆಗೆ ಡಿಜೆ ಹಚ್ಚಿಕೊಂಡು ಹೋಗುವ ತವರಿನವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೀಗರು ಏನಂದುಕೊಂಡಾರು?

ಸದ್ದಿನ ಮಾತು ಇಷ್ಟು ಸಾಕು. ದಾರಿಯ ವಿಷಯಕ್ಕೆ ಬರುತ್ತೇನೆ.

ರಾಯಚೂರಿನಿಂದ ಪೂರ್ವಕ್ಕೆ ಐಜ, ಶಾಂತಿನಗರ, ಆಲಂಪುರದ ಸೀಮೆ. ಕೃಷ್ಣೆ-ತುಂಗಭದ್ರೆಯರ ನಡುವಿನ ಆ ನೆಲವನ್ನು ಅಲ್ಲಿಯವರು ನಡಿಗಡ್ಡ ಎಂದು ಕರೆಯುತ್ತಾರೆ. ಹಾಗೆ ನೋಡಿದರೆ ಅದು ನಮ್ಮ ರಾಯಚೂರು ದೋಆಬದ ಮುಂದಿನ ತುದಿ. ವಿಜಯನಗರದವರೂ ಬಹಮನಿಯವರೂ ಈ ದೋಆಬಕ್ಕಾಗಿ ತಲೆತಲಾಂತರ ಕಾದಾಡಿದರು. ಕೃಷ್ಣದೇವರಾಯ ರಾಯಚೂರು ಗೆದ್ದದ್ದು 1520ರಲ್ಲಿ. ಈಗ ಅಲ್ಲಿ ಒಂದು ಹೆಜ್ಜೆ ಈಚೆ ಕರ್ನಾಟಕ, ಒಂದು ಹೆಜ್ಜೆ ಆಚೆ ತೆಲಂಗಾಣ, ಹೊಳೆ ದಾಟಿದರೆ ಆಂಧ್ರ. ಮಸಾರಿ ಹೊಲ, ನಡುನಡುವೆ ಎರಿ ಹೊಲ, ಬದುವಿನ ಮೇಲೆ ಬೇವು, ಜಾಲಿ, ಅಲ್ಲೊಂದು ಇಲ್ಲೊಂದು ಬನ್ನಿಗಿಡ. ನಮ್ಮ ಊರೇ.

ಈ ನೆಲದಲ್ಲಿ ಒಂದು ಕಾಲುವೆ ಇದೆ. ಮಾನ್ವಿ ತಾಲ್ಲೂಕಿನ ರಾಜೋಳಿಬಂಡೆಯಲ್ಲಿ ತುಂಗಭದ್ರೆಗೆ ಅಡ್ಡ ಕಟ್ಟಿದ ಒಡ್ಡಿನಿಂದ ಹೊರಡುವ ಎಡದಂಡೆ ಕಾಲುವೆ ಅದು. ರಾಜೋಳಿಬಂಡೆ ತಿರುವು ಯೋಜನೆ, ಎಲ್ಲರ ಬಾಯಲ್ಲೂ ಆರ್‌ಡಿಎಸ್. ಒಟ್ಟು ಉದ್ದ 143 ಕಿಲೋಮೀಟರ್. ಮೊದಲ 42 ಕಿಲೋಮೀಟರ್ ನಮ್ಮಲ್ಲಿ, ಉಳಿದದ್ದು ತೆಲಂಗಾಣದಲ್ಲಿ. ನೀರಿನ ಲೆಕ್ಕ ಇನ್ನೂ ವಿಚಿತ್ರ. ಈ ಕಾಲುವೆಯಿಂದ ನೀರುಣ್ಣಬೇಕಾದ ಜಮೀನು ನಮ್ಮಲ್ಲಿ 5,879 ಎಕರೆ, ಆಚೆ 87,500 ಎಕರೆ. ಒಡ್ಡು ನಮ್ಮದು, ಹೊಲ ಅವರದು. ಈ ಲೆಕ್ಕವನ್ನು ಇಲ್ಲೇಕೆ ತಂದೆನೆಂಬುದು ಮುಂದೆ ತಿಳಿಯುತ್ತದೆ.

ಒಂದು ವರ್ಷ ನಮ್ಮ ತಂಡ ಐಜದಿಂದ ಶಾಂತಿನಗರದ ರಸ್ತೆ ಬಿಟ್ಟು, ಹೊಲಗಳ ನಡುವಿನ ಬಂಡಿದಾರಿಗಳಲ್ಲಿ ಹಾದು ಈ ಕಾಲುವೆ ದಂಡೆ ಸೇರಿತು. ಯಾರೂ ಯೋಜನೆ ಹಾಕಿದ್ದಲ್ಲ. ಹಿಂದಿನ ರಾತ್ರಿ ಹೆದ್ದಾರಿ ಅಂಚಿನಲ್ಲಿ ಲಾರಿಯೊಂದು ನಮ್ಮ ಹುಡುಗನ ತೋಳು ಸವರಿಕೊಂಡು ಹೋಗಿತ್ತು. ಕಂಬಿ ಹೊತ್ತಿದ್ದ ಹಿರಿಯರು ‘ನಾಳೆ ನಾ ಆ ರಸ್ತೇಕ ಕಾಲಿಡಂಗಿಲ್ಲ’ ಎಂದು ಕುಳಿತುಬಿಟ್ಟರು. ಕಂಬಿ ಹೊತ್ತವರ ಮಾತನ್ನು ಮೀರುವ ಹಾಗಿಲ್ಲವಲ್ಲ. ಆದರೆ ಒಳದಾರಿ ಯಾರಿಗೆ ಗೊತ್ತು? ಆಗ ಸಾಲಿನ ಹಿಂದಿನಿಂದ ಒಬ್ಬ ಹೆಣ್ಣುಮಗಳು ‘ನನಗ ಗೊತ್ತೈತ್ರೀ’ ಅಂದಳು. ಸಣ್ಣಾಕಿ ಇದ್ದಾಗ ಅವ್ವನ ಜೊತೆ ಇದೇ ಹೊಲಗಳಿಗೆ ಕ್ರಾಸಿಂಗ್ ಕೂಲಿಗೆ ಬರುತ್ತಿದ್ದಳಂತೆ.

ಗದ್ವಾಲ, ಐಜದ ಸೀಮೆ ಹತ್ತಿ ಬೀಜಕ್ಕೆ ಹೆಸರಾದದ್ದು. ಬೀಜದ ಹತ್ತಿಯಲ್ಲಿ ಸಂಜೆ ಹೊತ್ತು ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂವು ತಂದು ಒಂದೊಂದಕ್ಕೂ ಪರಾಗ ಸವರಬೇಕು. ಅದೇ ಕ್ರಾಸಿಂಗ್. ಸಣ್ಣ ಬೆರಳು, ಕುಳ್ಳ ದೇಹ ಬೇಕಾದ ಕೆಲಸವೆಂದು ಮಕ್ಕಳನ್ನು ತಂದು ಹಚ್ಚುತ್ತಿದ್ದರು. ಬಸ್ಸಿನಲ್ಲಿ, ಟೆಂಪೋದಲ್ಲಿ ಹೋದರೆ ಇದು ಬರೀ ಹತ್ತಿ ಹೊಲ. ಆಕೆಯ ಹಿಂದೆ ನಡೆದ ನಮಗೆ ಹಾಗೆ ಕಾಣಲಿಲ್ಲ. ಒಂದು ಬಾವಿಯ ಹತ್ತಿರ ನಿಂತು ‘ಇಲ್ಲೇ ನಾವು ಮಲಗ್ತಿದ್ವಿ’ ಅಂದಳು. ಮತ್ತೆ ಮುಂದೆ ನಡೆದಳು. ಯಾರೂ ಏನೂ ಕೇಳಲಿಲ್ಲ.

ಆ ದಿನ ನಡೆದದ್ದು ಇಷ್ಟೇ ಎಂದು ಹೇಳಿದರೆ ನಿಮಗೆ ನಗು ಬಂದೀತು. ಬೆಳಗಿನ ಜಾವ ಮೊದಲ ಒಂದು ತಾಸು ಎಲ್ಲರಿಗೂ ಮಾತೇ ಮಾತು: ಎಕರೆಗೆ ಏನು ರೇಟು, ಯಾರ ಮಗನಿಗೆ ಹೆಣ್ಣು ಸಿಗಲಿಲ್ಲ, ಬೋರ್‌ವೆಲ್ ಎಷ್ಟು ಆಳಕ್ಕೆ ಹೋಯಿತು. ಸೂರ್ಯ ಮೇಲೆ ಬಂದಂತೆ ಮಾತು ಒಂದೊಂದಾಗಿ ಕಳಚಿಕೊಂಡಿತು. ಸಾಲು ಉದ್ದವಾಯಿತು, ಮುಂದಿನವರು ತಿರುವಿನಲ್ಲಿ ಮರೆಯಾದರು, ಹಿಂದಿನವರು ಇನ್ನೂ ಬೇವಿನ ನೆರಳಲ್ಲಿ ಕಾಲುಚೀಲ ಬಿಚ್ಚುತ್ತಿದ್ದರು. ಉಳಿದದ್ದು ಕಂಬಿಯ ಗೆಜ್ಜೆ, ದಂಡೆಯ ಒಣಮಣ್ಣು, ಹೊಲದೊಳಗೆಲ್ಲೋ ಕೂಗುವ ಗೌಜಲಹಕ್ಕಿ. ಕಟಾವಾದ ಜೋಳದ ಕೂಳೆ, ಕಿತ್ತು ಒಟ್ಟಿದ ಹತ್ತಿಕಟ್ಟಿಗೆ, ಕಣದಲ್ಲಿ ಕೆಂಪಗೆ ಹರಡಿದ ಮೆಣಸಿನಕಾಯಿ. ಮೆಣಸಿನ ಕಣದ ಗಾಳಿಗೆ ಎಲ್ಲರೂ ಸಾಲಾಗಿ ಸೀನಿದೆವು. ಅಂದಿನ ಅತಿ ದೊಡ್ಡ ಘಟನೆ ಅದೇ ಇರಬೇಕು.

ಇಂಥ ಹೊತ್ತಿನಲ್ಲೇ ಮನುಷ್ಯನಿಗೆ ತನ್ನ ಹೆಜ್ಜೆ ಕೇಳಿಸುವುದು. ಎಡಗಾಲು ಸರಿಯಾಗಿ ಊರುತ್ತಿಲ್ಲ, ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತಿದೆ ಎಂದು ಮೊದಲೇ ಗೊತ್ತಾಗುತ್ತದೆ. ಡಿಜೆ ಹಿಂದೆ ಕುಣಿಯುತ್ತ ನಡೆದವನಿಗೆ ಅದು ಗೊತ್ತಾಗುವುದು ಗುಳ್ಳೆ ಒಡೆದ ಮೇಲೆ. ವಸ್ತಿಯಲ್ಲಿ ಕಾಲಿಗೆ ಔಷಧ ಹಚ್ಚುವ ಸೇವೆ ಮಾಡಿದವರನ್ನು ಕೇಳಿ ನೋಡಿ, ಯಾರ ಪಾದ ಹೆಚ್ಚು ಹಣ್ಣಾಗಿರುತ್ತವೆ ಎಂದು.

ನಡುಹಗಲಿಗೆ ಕಾಲುವೆಯ ತೂಬಿನ ಹತ್ತಿರ ಹುಣಸೆ ಮರದ ಕೆಳಗೆ ಗಂಟು ಇಳಿಸಿದೆವು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಈರುಳ್ಳಿ. ಪಕ್ಕದ ಹೊಲದ ಅಜ್ಜಿಯೊಬ್ಬರು ಸ್ಟೀಲಿನ ಕೊಡದಲ್ಲಿ ಮಜ್ಜಿಗೆ ತಂದು ‘ತಾಗಂಡಿ ಸ್ವಾಮಿ’ ಎಂದು ಎಲ್ಲರ ಮುಂದೆ ಇಟ್ಟರು. ದಾಸೋಹದ ಪೆಂಡಾಲ್ ಇಲ್ಲ, ಬ್ಯಾನರ್ ಇಲ್ಲ, ಫೋಟೊ ತೆಗೆಯುವವರಿಲ್ಲ. ಹೆದ್ದಾರಿಯ ದಾಸೋಹಗಳ ಮೇಲೆ ನನಗೆ ಗೌರವವಿದೆ, ಅವು ಇಲ್ಲದಿದ್ದರೆ ಸಾವಿರಾರು ಜನ ಉಪವಾಸ ಬೀಳುತ್ತಾರೆ. ಆದರೆ ಅಲ್ಲಿ ನಾವು ಪಾಳಿಯಲ್ಲಿ ನಿಂತ ತಟ್ಟೆಗಳು. ಇಲ್ಲಿ ಆ ಅಜ್ಜಿ ಒಬ್ಬೊಬ್ಬರ ಮುಖ ನೋಡಿ, ಯಾವ ಊರು, ಮಕ್ಕಳೆಷ್ಟು ಎಂದು ವಿಚಾರಿಸಿಯೇ ಲೋಟ ತುಂಬಿದರು.

ಸೊನ್ನಲಿಗೆಯ ಸಿದ್ಧರಾಮನ ಕಥೆ ನಿಮಗೆಲ್ಲ ಗೊತ್ತು; ರಾಘವಾಂಕ ಬರೆದಿದ್ದಾನೆ. ಜಂಗಮನ ವೇಷದಲ್ಲಿ ಹೊಲಕ್ಕೆ ಬಂದ ಮಲ್ಲಯ್ಯನಿಗಾಗಿ ಮಜ್ಜಿಗೆ ತರಲು ಹುಡುಗ ಮನೆಗೆ ಓಡುತ್ತಾನೆ. ಮರಳಿ ಬರುವಷ್ಟರಲ್ಲಿ ಮಲ್ಲಯ್ಯ ಇಲ್ಲ. ಹುಡುಕಿಕೊಂಡು ಶ್ರೀಶೈಲದ ದಾರಿ ಹಿಡಿಯುತ್ತಾನೆ. ಹೊಲದಲ್ಲಿ ಶುರುವಾದ ಹುಡುಕಾಟ ಅದು, ಹೆದ್ದಾರಿಯಲ್ಲಿ ಅಲ್ಲ. ಉಡುತಡಿಯ ಅಕ್ಕ ಕಲ್ಯಾಣ ಬಿಟ್ಟು ಕದಳಿಗೆ ನಡೆದಾಗಲೂ ಜೊತೆಗೆ ಗಾಡಿ ಬರಲಿಲ್ಲ.

ಊಟವಾದ ಮೇಲೆ ಮಲಗಿದೆವು. ಬಿಸಿಲು ಇಳಿಯುವವರೆಗೆ ಯಾರೂ ಮೇಲೇಳಬಾರದು ಎಂಬುದು ಹಿರಿಯರ ಕಟ್ಟಪ್ಪಣೆ. ಚೈತ್ರದ ಹೊಸ್ತಿಲಿನ ಬಿಸಿಲು ನಿಮಗೆ ಹೇಳಬೇಕಿಲ್ಲ. ರಸ್ತೆಯ ಮೇಲಾದರೆ ಕಾದ ಡಾಂಬರು ಚಪ್ಪಲಿಯನ್ನೂ ಮೀರಿ ಸುಡುತ್ತದೆ. ಬರಿಗಾಲಿನ ಹರಕೆ ಹೊತ್ತವರು ಕಾಲುವೆ ದಂಡೆಯ ಮಣ್ಣಿನಲ್ಲಿ ಅಂದು ಮೊದಲ ಬಾರಿಗೆ ಕುಂಟದೆ ನಡೆದರು.

ಸಂಜೆ ಮುಂದುವರಿದಾಗ ಕಾಲುವೆಯಲ್ಲಿ ನೀರು ತೆಳ್ಳಗಾಗುತ್ತ ಬಂತು. ಆಮೇಲೆ ಅಲ್ಲಲ್ಲಿ ಮಡು, ಆಮೇಲೆ ಬರೀ ಬಿರುಕುಬಿಟ್ಟ ಕೆಸರು. ದಂಡೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ ರೈತರೊಬ್ಬರು ನಮ್ಮನ್ನು ನೋಡಿ, ‘ನೀಳ್ಳು ರಾಲೇದು, ಮೀರು ವಚ್ಚಾರು’ ಎಂದು ನಕ್ಕರು. ನೀರು ಬರಲಿಲ್ಲ, ನೀವು ಬಂದಿರಿ. ನಮ್ಮಲ್ಲಿ ಕೆಲವರು ನಗಲಿಲ್ಲ. ಆರ್‌ಡಿಎಸ್ ಜಗಳವನ್ನು ನಾವು ಪತ್ರಿಕೆಯಲ್ಲಿ ಓದಿದ್ದೇವೆ: ಒಡ್ಡಿನ ಎತ್ತರದ ತಕರಾರು, ತೂಬು ಮುಚ್ಚುವ ತೆಗೆಯುವ ತಕರಾರು, ಮೂರು ರಾಜ್ಯಗಳ ಅಧಿಕಾರಿಗಳ ಸಭೆ. ಬಚಾವತ್ ನ್ಯಾಯಮಂಡಳಿ ಹಂಚಿದ ಲೆಕ್ಕದಲ್ಲಿ ಈ ಕಾಲುವೆಯ ನೀರಿನ ದೊಡ್ಡ ಪಾಲು, 15.9 ಟಿಎಂಸಿ, ಅವರದೇ. ಕೊನೆಯ ಹೊಲಕ್ಕೆ ಅದು ಮುಟ್ಟುವುದಿಲ್ಲವೆಂದು ಈಗ ತುಮ್ಮಿಳ್ಳದಲ್ಲಿ ಹೊಳೆಯಿಂದ ಪಂಪಿನಲ್ಲಿ ಎತ್ತಿಕೊಳ್ಳುತ್ತಿದ್ದಾರೆ. ನಮ್ಮ ಕಡೆಯ ಟೇಲ್‌ಎಂಡ್ ರೈತರ ಗೋಳು ಗೊತ್ತಿರುವ ನಮಗೆ, ಇನ್ನೊಬ್ಬರ ಪಾಲಿಗೆ ನಾವೇ ಮೇಲ್ದಂಡೆಯವರು ಎಂಬುದು ಆ ಒಣ ಕಾಲುವೆಯ ಪಕ್ಕ ನಿಂತಾಗಲೇ ತಲೆಗೆ ಹೋಗಿದ್ದು.

ಅಷ್ಟು ಹೇಳಿದ ಆ ಮನುಷ್ಯ ಬೀಡಿ ಆರಿಸಿ ಎದ್ದು, ತಮ್ಮ ಬೋರಿನ ಮೋಟಾರು ಹಚ್ಚಿಸಿ, ನಮ್ಮೆಲ್ಲರ ಬಾಟಲಿ ತುಂಬಿಸಿದರು. ಹೆಣ್ಣುಮಕ್ಕಳು ಕೈಕಾಲು ಮುಖ ತೊಳೆದುಕೊಳ್ಳುವವರೆಗೆ ಗಂಡಸರನ್ನು ಆಚೆ ನಿಲ್ಲಿಸಿದರು.

ಹೆಣ್ಣುಮಕ್ಕಳ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಒಳದಾರಿ ಬೇಡ ಎನ್ನುವವರು ಮೊದಲು ಹಿಡಿಯುವ ನೆಪವೇ ಅವರದು: ನಿರ್ಜನ ಜಾಗ, ಹೆಂಗಸರಿದ್ದಾರೆ. ನಮ್ಮ ತಂಡದ ಅಕ್ಕಂದಿರನ್ನು ನಾನು ಕೇಳಿದ್ದೇನೆ. ಹೆದ್ದಾರಿಯಲ್ಲಿ ಬಯಲಿಗೆ ಹೋಗಲು ಒಂದು ಮರೆ ಸಿಗುವುದಿಲ್ಲವೆಂದು ನೀರನ್ನೇ ಕುಡಿಯದೆ ನಡೆಯುತ್ತಾರೆ, ಮಧ್ಯಾಹ್ನದ ಹೊತ್ತಿಗೆ ತಲೆ ತಿರುಗಿ ಬೀಳುತ್ತಾರೆ. ಹೊಲದ ದಾರಿಯಲ್ಲಿ ಬದು ಇದೆ, ಪೊದೆ ಇದೆ, ಊರ ಹೆಂಗಸರು ಇದ್ದಾರೆ. ಗುಂಪಾಗಿ ಹೋಗುವಾಗ ಯಾವುದು ಸುರಕ್ಷಿತ ಎಂದು ಅವರೇ ನಿರ್ಧರಿಸಲಿ. ಗುಡಿಕಟ್ಟೆಯ ಸಭೆಗೆ ಅವರನ್ನು ಕರೆಯುವವರು ಎಷ್ಟು ಮಂಡಳಿಯವರಿದ್ದೀರಿ?

ಇನ್ನೊಂದು ಆಕ್ಷೇಪ ನಿಜವಾದದ್ದು. ಮರಗಾಲು ಕಟ್ಟಿಕೊಂಡು ನಡೆಯುವವರಿಗೆ ಸಡಿಲ ಮಣ್ಣು ಆಗದು, ಮರಗಾಲು ಹುಗಿಯುತ್ತದೆ. ಅವರು ರಸ್ತೆಯಲ್ಲೇ ಬರಲಿ, ಜೊತೆಗೆ ನಾಲ್ಕು ಹುಡುಗರು ಕೆಂಪು ಬಟ್ಟೆ ಹಿಡಿದು ಹೋಗಲಿ. ಮಂಡಿ ನೋವಿನವರು ಟೆಂಪೋ ಹತ್ತಲಿ. ಕಾಲುವೆ ಸುತ್ತಿ ಬಳಸಿ ಹರಿಯುತ್ತದೆ, ರಸ್ತೆಗಿಂತ ಹೆಚ್ಚು ನಡೆಯಬೇಕಾಗುತ್ತದೆ. ಅದಕ್ಕೆ ಅರ್ಧ ದಿನ ಹೆಚ್ಚಿಗೆ ಹಿಡಿದೇ ಊರು ಬಿಡಿ.

ಈ ದಿಕ್ಕಿನಲ್ಲಿ ಹೋದರೆ ಸಿಗುವ ಇನ್ನೊಂದು ಲಾಭ ಆಲಂಪುರ. ಬೆಂಗಳೂರು-ಹೈದರಾಬಾದ್ ಹೆದ್ದಾರಿಯ ಆಲಂಪುರ ಚೌರಸ್ತಾದಿಂದ ಸೀದಾ ಕರ್ನೂಲಿಗೆ ಇಳಿಯುವವರು ಊರನ್ನೇ ನೋಡುವುದಿಲ್ಲ. ಅದು ಶ್ರೀಶೈಲದ ಪಶ್ಚಿಮ ದ್ವಾರ, ಜೋಗುಳಾಂಬೆಯ ಶಕ್ತಿಪೀಠ. ಅಲ್ಲಿನ ನವಬ್ರಹ್ಮ ಗುಡಿಗಳನ್ನು ಕಟ್ಟಿಸಿದವರು ನಮ್ಮ ಬಾದಾಮಿಯ ಚಾಲುಕ್ಯರು. ಸ್ವರ್ಗಬ್ರಹ್ಮ ಗುಡಿ ವಿನಯಾದಿತ್ಯನ ಕಾಲದ್ದು, ಅಂದರೆ ಏಳನೆಯ ಶತಮಾನದ ಕೊನೆ. ಪಟ್ಟದಕಲ್ಲಿನ ಪಕ್ಕದ ಊರುಗಳಿಂದ ಬರುವವರು ಆ ಶಿಖರಗಳನ್ನು ಕಂಡೊಡನೆ ‘ಇದು ನಮ್ಮ ಕಡೇದು’ ಎಂದು ಗುರುತು ಹಿಡಿಯುತ್ತಾರೆ. ಕೃಷ್ಣೆ-ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿದ್ದ ಸಂಗಮೇಶ್ವರ ಗುಡಿಯೂ ಈಗ ಅಲ್ಲೇ ಇದೆ. ಶ್ರೀಶೈಲ ಅಣೆಕಟ್ಟಿನ ಹಿನ್ನೀರಿಗೆ ಮುಳುಗುತ್ತದೆಂದು ಕಲ್ಲು ಕಲ್ಲು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಕೂಡಲಸಂಗಮದ ಐಕ್ಯಮಂಟಪವನ್ನು ನಾರಾಯಣಪುರದ ಹಿನ್ನೀರಿನಿಂದ ಕಾಪಾಡಲು ಸುತ್ತ ಗೋಡೆ ಕಟ್ಟಿದ್ದನ್ನು ಕಂಡವರಿಗೆ ಈ ಕಥೆ ಬೇರೆ ವಿವರಿಸಬೇಕಿಲ್ಲ.

ಕರ್ನೂಲು, ನಂದಿಕೊಟ್ಕೂರು, ಆತ್ಮಕೂರಿನ ಆಚೆಗೆ ನಲ್ಲಮಲದ ಕಾಡು. ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಎಲ್ಲರೂ ಮಾತಾಡುತ್ತಾರೆ. ನಾನು ಹೇಳುವುದು ಇಷ್ಟೇ: ಆ ಕಾಡಿನಲ್ಲಿ ನೀವು ಬಯಸಿದರೂ ಒಬ್ಬರೇ ಇರಲಾರಿರಿ. ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ ಭೀಮನಕೊಳ್ಳದ ಏರಿನ ಮೇಲೆ ಹೆಗಲಿಗೆ ಹೆಗಲು ತಾಗಿಯೇ ಹತ್ತಬೇಕು. ಅದು ಹುಲಿ ಸಂರಕ್ಷಿತ ಪ್ರದೇಶ, ಆದರೂ ನಾವು ಬಿಟ್ಟುಬಂದ ನೀರಿನ ಪಾಕೀಟು, ಹರಿದ ಚಪ್ಪಲಿ ದಾರಿಯುದ್ದಕ್ಕೂ ಬಿದ್ದಿರುತ್ತವೆ. ಮಗಳ ಮನೆಯಂಗಳವನ್ನು ಹೊಲಸು ಮಾಡಿ ಬರುವುದು ಯಾವ ಸಂಪ್ರದಾಯ? ಊರಿಂದಲೇ ಸ್ಟೀಲ್ ಲೋಟ, ಒಂದು ಬಾಟಲಿ ಕಟ್ಟಿಕೊಂಡು ಹೊರಟರೆ ಪಾಕೀಟಿನ ಗೊಡವೆಯೇ ಇರುವುದಿಲ್ಲ.

ಅಂದರೆ ಸುಮ್ಮನೆ, ತನ್ನ ಪಾಡಿಗೆ ನಡೆಯಲು ಸಿಗುವುದು ನಡಿಗಡ್ಡದ ಆ ಬಯಲು ಮಾತ್ರ. ಊರು ಬಿಟ್ಟ ಮೊದಲ ದಿನಗಳು ಬೀಳ್ಕೊಡುಗೆಯ ಗದ್ದಲದಲ್ಲಿ ಹೋಗುತ್ತವೆ, ಕೊನೆಯವು ಜಾತ್ರೆಯಲ್ಲಿ. ನಡುವಿನ ಒಂದು ದಿನವನ್ನೂ ಸ್ಪೀಕರಿಗೆ ಒಪ್ಪಿಸಿದರೆ, ಬಸ್ಸಿನಲ್ಲಿ ಹೋದವನಿಗಿಂತ ನಾವು ಹೆಚ್ಚಿಗೆ ಏನು ಕಂಡಂತಾಯಿತು? ನನ್ನನ್ನು ಕೇಳಿದರೆ, ಏನೂ ಇಲ್ಲ. ಕಾಲು ನೋವೊಂದು ಹೆಚ್ಚು.

ಆದ್ದರಿಂದ ಈ ಸಲದ ಸಭೆಯಲ್ಲಿ ಇದನ್ನೊಂದು ಠರಾವು ಮಾಡಿ. ಐಜದಲ್ಲಿ ಟೆಂಪೋವನ್ನು ಶಾಂತಿನಗರದ ರಸ್ತೆಗೆ ಕಳಿಸಿ, ಕಂಬಿ ಕಾಲುವೆ ದಂಡೆಗೆ ಇಳಿಯಲಿ. ಬೆಳೆ ನಿಂತ ಹೊಲದೊಳಗೆ ಅಡ್ಡ ಹಾಯಬೇಡಿ, ಕಣದ ಮೆಣಸಿನಕಾಯಿ ಮುಟ್ಟಬೇಡಿ. ನೀರು ಕೊಟ್ಟವರ ಎದುರು ಆರ್‌ಡಿಎಸ್ ವಾದ ಹೂಡಬೇಡಿ. ಅವರ ಮಾತು ಕೇಳಿಸಿಕೊಂಡು ಬಂದು ಇಲ್ಲಿ ನಮ್ಮವರಿಗೆ ಹೇಳಿ. ದಾರಿ ಗೊತ್ತಿರುವವರು ನಿಮ್ಮೂರಲ್ಲೂ ಇರುತ್ತಾರೆ, ಕ್ರಾಸಿಂಗ್ ಕೂಲಿಗೆ ಹೋಗಿಬಂದವರನ್ನು ವಿಚಾರಿಸಿ. ಮತ್ತೆ, ಔಷಧದ ಡಬ್ಬಿಯನ್ನು ಟೆಂಪೋದಲ್ಲಿ ಬಿಡಬೇಡಿ, ಕಂಬಿಯ ಜೊತೆ ನಡೆಯುವವರ ಗಂಟಿನಲ್ಲೇ ಇರಲಿ.